ರಾಗಿ ಮೂಟೆಯ ಪಕ್ಕದ ಮಂಚ

ಯುದ್ಧ ಮುಗಿದ ಮೇಲಿನ ಬೇಸಿಗೆಯಲ್ಲಿ, ಒಂದು ಭಾನುವಾರ ಸಾಯಂಕಾಲ, ಟೀ ಕುಡಿಯಲು ಹೋಗಿದ್ದ ನಮ್ಮಪ್ಪ ಮನೆಗೆ ಬಂದವರು ಹೊಸಿಲಲ್ಲೇ ನಿಂತು, ಇನ್ನು ಮೇಲೆ ಮಗುವಿಗೆ ಬೇರೆ ಕೋಣೆ ಎಂದು ಸಾರಿದರು. ಮಗು ಎಂದರೆ ನಾನು. ನನಗಾಗ ಎಂಟು ವರ್ಷ. ಅಕ್ಕಿ ಆರಿಸುತ್ತಿದ್ದ ಅಮ್ಮ ಮೊರದಿಂದ ತಲೆ ಎತ್ತಲಿಲ್ಲ. ಅಜ್ಜಿ ಮಾತ್ರ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ, ಮಗೂಗೆ ಏನಾಗಿದೆ ಎಂದು ಗಾಬರಿಯಿಂದ ಕೇಳಿದಳು. ಅವಳ ಲೆಕ್ಕದಲ್ಲಿ ಮನೆಯ ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸುವುದು ಸಿಡುಬು ಎದ್ದಾಗ ಮಾತ್ರ.

ಅಪ್ಪ ವಿಮಾನ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಅವತ್ತು ಅವರ ಮೇಲಿನ ಸಾಹೇಬರು ಬಂಗಲೆಗೆ ಕರೆದಿದ್ದರು. ಅಲ್ಲಿ ನನ್ನಷ್ಟೇ ವಯಸ್ಸಿನ ಹುಡುಗಿಗೆ ತನ್ನದೇ ಕೋಣೆ, ತನ್ನದೇ ಮಂಚ, ಬಟ್ಟೆ ಇಡಲು ತನ್ನದೇ ಬೀರು, ಬರೆಯಲು ಮೊಳಕಾಲೆತ್ತರದ ಮೇಜು ಇದ್ದವಂತೆ. ಟೀ ಮುಗಿದ ಮೇಲೆ ಆ ಹುಡುಗಿ ಎಲ್ಲರಿಗೂ ಹೋಗಿಬರುತ್ತೇನೆಂದು ಹೇಳಿ, ಯಾರೂ ಗದರದೆ, ಯಾರೂ ಎಳೆದುಕೊಂಡು ಹೋಗದೆ, ತಾನೇ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳಂತೆ. ದಿನವೂ ವಿಮಾನ ಹಾರುವುದನ್ನು ನೋಡುತ್ತಿದ್ದ ಅಪ್ಪನಿಗೆ ಇದು ಅದಕ್ಕಿಂತ ದೊಡ್ಡ ಸೋಜಿಗವಾಗಿ ಕಂಡಿತ್ತು.

ಅದಕ್ಕೆ ಕಾರಣವೂ ಇತ್ತು. ಹಲಸೂರು ಕೆರೆಗೆ ಹತ್ತಿರದ ನಮ್ಮ ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ನಾನು ನಾಲ್ವರೂ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಸಾಲಾಗಿ ಮಲಗುತ್ತಿದ್ದೆವು. ನಾನು ಅಜ್ಜಿಯ ಪಕ್ಕದಲ್ಲಿ ಮಲಗಿದವಳು ಬೆಳಗಾಗುವುದರೊಳಗೆ ಅಪ್ಪನ ಬೆನ್ನಿಗೆ ಎರಡೂ ಕಾಲು ಕೊಟ್ಟು ಅಡ್ಡಡ್ಡ ಬಿದ್ದಿರುತ್ತಿದ್ದೆ. ನಿದ್ದೆಯಲ್ಲಿ ನಾನು ಒದೆಯುವುದು ಕತ್ತೆ ಒದ್ದಂತೆ ಎಂದು ಅಪ್ಪ ಹೇಳಿದರೆ, ಅಜ್ಜಿ, ನೀನೂ ಹಿಂಗೇ ಇದ್ದೆ, ನಿಮ್ಮಪ್ಪ ಹೊಲದ ಕಾವಲಿಗೆ ಹೋಗಿ ಮಲಗ್ತಿದ್ದ ಎನ್ನುತ್ತಿದ್ದಳು. ಹಾಗಾಗಿ ಅಪ್ಪ ಮಕ್ಕಳ ಸ್ವಾತಂತ್ರ್ಯ, ಶಿಸ್ತು, ಗಾಳಿ ಬೆಳಕು ಎಂದೆಲ್ಲ ಮಾತಾಡಿದರೂ, ಅವರಿಗೆ ಬೇಕಾಗಿದ್ದದ್ದು ಒಂದು ಒಳ್ಳೆಯ ನಿದ್ದೆ ಎಂದು ಅಮ್ಮನ ಅನುಮಾನ.

ಕೋಣೆ ಎಂದರೆ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ. ಅಡುಗೆಮನೆಯ ಪಕ್ಕದಲ್ಲಿ ಓಣಿಯಂಥ ಸಣ್ಣ ನಡೆಯೊಂದನ್ನು ದಾಟಿದರೆ ಸಿಗುವ ಹಿಂದಿನ ಕೋಣೆ. ಅದರ ತುಂಬ ಅಜ್ಜಿಯ ರಾಗಿ ಮೂಟೆಗಳಿದ್ದವು. ನಮ್ಮ ಊರು ಕೃಷ್ಣರಾಜಪುರದಿಂದ ಆಚೆಗೆ. ಹೊಲವನ್ನು ಚಿಕ್ಕಪ್ಪ ನೋಡಿಕೊಳ್ಳುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಅವರು ಗಾಡಿ ಕಟ್ಟಿಕೊಂಡು ಬಂದು ನಮ್ಮ ಪಾಲಿನ ರಾಗಿಯನ್ನು ಇಳಿಸಿ ಹೋಗುತ್ತಿದ್ದರು. ಅದು ರೇಷನ್ ಕಾಲ. ಅಂಗಡಿಯ ಮುಂದೆ ಸಾಲು ನಿಂತರೆ ಸಿಗುತ್ತಿದ್ದ ಮುಗ್ಗಲು ಧಾನ್ಯವನ್ನು ನೋಡಿದ ಮೇಲೆ ಅಜ್ಜಿಗೆ ಆ ಮೂಟೆಗಳೆಂದರೆ ಮನೆದೇವರಷ್ಟೇ. ಬೆಳಿಗ್ಗೆ ಎದ್ದು ಮುಖ ತೊಳೆದು ಮೊದಲು ಹೋಗಿ ಅವುಗಳನ್ನು ತಟ್ಟಿ ನೋಡುತ್ತಿದ್ದಳು. ಮಧ್ಯಾಹ್ನ ಅವುಗಳ ಮೇಲೆ ಕೂತು ಕಿಟಕಿಯ ಗಾಳಿಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಅವಳ ಪಕ್ಕದಲ್ಲಿ ನಾನೂ ಕೂತಿರುತ್ತಿದ್ದೆ.

ಅಪ್ಪ ಮರುದಿನವೇ ಅಳತೆಪಟ್ಟಿ ಹಿಡಿದು ಆ ಕೋಣೆಗೆ ನುಗ್ಗಿದರು. ಗೋಡೆ ಅಳೆದರು, ಕಿಟಕಿ ಅಳೆದರು, ಬಾಗಿಲು ಅಳೆದರು, ನನ್ನನ್ನು ಗೋಡೆಗೆ ನಿಲ್ಲಿಸಿ ನನ್ನನ್ನೂ ಅಳೆದರು. ಆಮೇಲೆ ದೊಡ್ಡ ಹಾಳೆಯ ಮೇಲೆ ಕೋಣೆಯ ನಕ್ಷೆ ಬರೆದು, ಮಂಚ, ಬೀರು, ಮೇಜು, ಕುರ್ಚಿಗಳನ್ನು ರಟ್ಟಿನಲ್ಲಿ ಕತ್ತರಿಸಿ, ಆ ಹಾಳೆಯ ಮೇಲೆ ಇಟ್ಟು ಸರಿಸಿ ಸರಿಸಿ ನೋಡುತ್ತ ಕೂತರು. ಅವರ ಮುಖ ಚೌಕಾಬಾರ ಆಡುವವರ ಮುಖದ ಹಾಗಿತ್ತು. ಅಮ್ಮ ಹಿಂದಿನಿಂದ ಬಂದು ಒಂದು ರಟ್ಟು ಸರಿಸಿ ಹೋಗುತ್ತಿದ್ದಳು. ಅಪ್ಪ ಅದನ್ನು ಮತ್ತೆ ಮೊದಲಿನ ಜಾಗಕ್ಕೆ ತರುತ್ತಿದ್ದರು. ಅವರು ಸ್ನಾನಕ್ಕೆ ಹೋದಾಗ ನಾನೂ ಸರಿಸುತ್ತಿದ್ದೆ. ನನ್ನ ಮಂಚದ ರಟ್ಟನ್ನು ಒಂದು ದಿನ ಬಾಗಿಲ ಆಚೆ, ನಡೆಯಲ್ಲಿ ಕಂಡು ಅಪ್ಪ ಅದು ಗಾಳಿಗೆ ಹಾರಿತೆಂದು ತಿಳಿದು ಮೇಲೆ ಒಂದು ತೂಕದ ಬಟ್ಟು ಇಟ್ಟರು.

ಅಜ್ಜಿಗೆ ಓದು ಬಾರದು, ಆದರೆ ನಕ್ಷೆ ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಒಂದು ಬೆಳಿಗ್ಗೆ ಬಂದು ಹಾಳೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದೊಂದು ರಟ್ಟಿನ ಮೇಲೂ ಬೆರಳಿಟ್ಟು ಇದೇನು ಇದೇನು ಎಂದು ಕೇಳಿ ತಿಳಿದುಕೊಂಡಳು. ಎಲ್ಲ ಮುಗಿದ ಮೇಲೆ ಕೇಳಿದಳು:

"ಇದ್ರಲ್ಲಿ ರಾಗಿ ಎಲ್ಲೈತಪ್ಪಾ?"

ರಾಗಿ ಅಡುಗೆಮನೆಗೆ ಹೋಗುತ್ತದೆ ಎಂದರು ಅಪ್ಪ. ಅಡುಗೆಮನೆಯಲ್ಲಿ ತಾನು ನಿಲ್ಲುವುದೋ ರಾಗಿ ನಿಲ್ಲುವುದೋ ಎಂದಳು ಅಮ್ಮ. ಹಾಗಾದರೆ ಸ್ವಲ್ಪ ಊರಿಗೇ ವಾಪಸು ಕಳಿಸೋಣ ಎಂದು ಅಪ್ಪ ಬಾಯಿ ತಪ್ಪಿ ಅಂದುಬಿಟ್ಟರು. ಅಜ್ಜಿ ಎದ್ದು ನಿಂತು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ಯಾರಿಗೂ ಹೇಳದವಳಂತೆ ಗೋಡೆಗೆ ಹೇಳಿ ಹೊರಟುಹೋದಳು. ಅವತ್ತಿನಿಂದ ಅಪ್ಪ ರಾಗಿಯ ಮಾತೆತ್ತಲಿಲ್ಲ. ಸಾಮಾನು ಬಂದು ಬಾಗಿಲಲ್ಲಿ ನಿಂತರೆ ರಾಗಿ ತಾನೇ ಜಾಗ ಬಿಡುತ್ತದೆಂದು ಅವರು ನಂಬಿದ ಹಾಗಿತ್ತು.

ಸಾಮಾನು ಹುಡುಕಲು ಎಲ್ಲರೂ ಜಟಕಾ ಹತ್ತಿ ಬ್ಲಾಕ್‌ಪಲ್ಲಿಗೆ ಹೋದೆವು. ಈಗ ಶಿವಾಜಿನಗರ ಎನ್ನುವ ಜಾಗವನ್ನು ಆಗ ಹಾಗೆ ಕರೆಯುತ್ತಿದ್ದರು. ಸೀಮೆಗೆ, ಎಂದರೆ ಇಂಗ್ಲೆಂಡಿಗೆ, ಹಿಂತಿರುಗುತ್ತಿದ್ದ ದೊರೆಗಳ ಮನೆಸಾಮಾನೆಲ್ಲ ಅಲ್ಲಿನ ಹಳೆ ಅಂಗಡಿಗಳಿಗೆ ಬಂದು ಬೀಳುತ್ತಿದ್ದ ಕಾಲವದು. ಅಂಗಡಿಯೊಳಗೆ ಕಾಲಿಡಲು ಜಾಗವಿರಲಿಲ್ಲ. ಮಂಚದ ಮೇಲೆ ಮೇಜು, ಮೇಜಿನ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಸಾರಂಗದ ತಲೆ. ಅಜ್ಜಿ ಬರುವುದಿಲ್ಲ ಎಂದಿದ್ದಳು. ಜಟಕಾ ಬಂದಾಗ ಎಲ್ಲರಿಗಿಂತ ಮೊದಲು ಹತ್ತಿ ಕೂತವಳು ಅವಳೇ. ಮೊಮ್ಮಗಳು ಮಲಗುವ ಮಂಚವನ್ನು ಕಣ್ಣಲ್ಲಿ ನೋಡಿ ತರಲಾಗುವುದಿಲ್ಲ, ಮಲಗಿ ನೋಡಬೇಕು ಎಂದು ಅವಳ ವಾದ. ಸಿಕ್ಕ ಸಿಕ್ಕ ಮಂಚದ ಮೇಲೆ ಉದ್ದಕ್ಕೆ ಮಲಗಿ, ಕಣ್ಣು ಮುಚ್ಚಿ, ಆ ಮಗ್ಗುಲು ಈ ಮಗ್ಗುಲು ತಿರುಗಿ, ಎದ್ದು ಕೂತು ತಲೆ ಅಲ್ಲಾಡಿಸುತ್ತಿದ್ದಳು. ಒಂದು ಕಿರುಗುಟ್ಟುತ್ತದೆ. ಒಂದು ತೊಟ್ಟಿಲಿನಂತೆ ತೂಗುತ್ತದೆ. ಇನ್ನೊಂದರಲ್ಲಿ ಯಾರೋ ಸತ್ತಿದ್ದಾರೆ. ಅದು ಹೇಗೆ ಗೊತ್ತು ಎಂದರೆ, ಮಲಗಿದರೆ ಗೊತ್ತಾಗುತ್ತೆ ಎನ್ನುತ್ತಿದ್ದಳು.

ಗಡ್ಡಕ್ಕೆ ಮದರಂಗಿ ಹಚ್ಚಿದ್ದ ವಯಸ್ಸಾದ ಅಂಗಡಿಯ ಸಾಹೇಬರು ಬಹಳ ಹೊತ್ತು ನೋಡಿದರು. ಕೊನೆಗೆ ಕೇಳಿದರು:

"ಅಮ್ಮಾ, ತಾವು ಮಂಚ ನೋಡಕ್ಕೆ ಬಂದ್ರಾ, ನಿದ್ದೆ ಮಾಡಕ್ಕೆ ಬಂದ್ರಾ?"

ಅಜ್ಜಿ ನಗಲಿಲ್ಲ. ನಿದ್ದೆ ಬಂದಿದ್ದರೆ ಕೊಂಡುಕೊಳ್ಳುತ್ತಿದ್ದೆವಲ್ಲ ಎಂದಳು. ಸಾಹೇಬರಿಗೆ ಆ ಮಾತು ಹಿಡಿಸಿತು. ಅವರು ಅಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದರಂತೆ: ಮಗುವಿನ ಸಾಮಾನು ತಮ್ಮಲ್ಲಿಲ್ಲ, ಕೆರೆಯ ಆಚೆ ದಡದ ಬೀದಿಯಲ್ಲಿ ಒಬ್ಬ ದೊರೆಸಾನಿ ಇದ್ದಾರೆ, ಒಂದು ಇಡೀ ಕೋಣೆಯ ಸಾಮಾನು ಅವರಲ್ಲಿದೆ, ತಾವು ಕೇಳಲು ಹೋದಾಗ ಅಂಗಡಿಯವರಿಗೆ ಕೊಡುವುದಿಲ್ಲವೆಂದು ಗೇಟಿನಿಂದಲೇ ಕಳಿಸಿಬಿಟ್ಟರು, ಮಗುವನ್ನು ಕರೆದುಕೊಂಡು ಹೋದರೆ ನಿಮಗೆ ಕೊಟ್ಟರೂ ಕೊಟ್ಟಾರು.

ದೊರೆಸಾನಿಯವರು ಎತ್ತರದ, ಸಣಕಲ, ಬಿಳಿಗೂದಲ ಹೆಂಗಸು. ಗಂಡ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಒಬ್ಬಳೇ ಮಗಳು ಮದುವೆಯಾಗಿ ಸೀಮೆಯಲ್ಲಿದ್ದಳು. ತಾವೂ ಮನೆ ಖಾಲಿ ಮಾಡಿ ಮಗಳ ಬಳಿಗೆ ಹೊರಟಿದ್ದರು. ಮಗಳು ಚಿಕ್ಕವಳಿದ್ದಾಗ ಮಲಗುತ್ತಿದ್ದ ಕೋಣೆಯ ಬಾಗಿಲನ್ನು ಅವರು ತೆರೆದಾಗ ನಾವೆಲ್ಲ ಬಾಗಿಲಲ್ಲೇ ಗುಂಪಾಗಿ ನಿಂತುಬಿಟ್ಟೆವು. ಬಿಳಿ ಬಣ್ಣದ ಸಣ್ಣ ಮಂಚ. ಅದರ ತಲೆದೆಸೆಯ ಹಲಗೆಯ ಮೇಲೆ ಟೊಪ್ಪಿ ಹಾಕಿಕೊಂಡ ಬಾತುಕೋಳಿಗಳು ಒಂದರ ಹಿಂದೆ ಒಂದು ಎಲ್ಲಿಗೋ ಹೊರಟಿದ್ದವು. ಗೋಡೆಯ ಬದಿಗೆ ಪುಟ್ಟ ಮೇಜು, ಪುಟ್ಟ ಕುರ್ಚಿ. ಮೂಲೆಯಲ್ಲಿ ತೇಗದ ಬೀರು, ಅದರ ಬಾಗಿಲಿಗೆ ಮೇಲಿಂದ ಕೆಳಗಿನವರೆಗೆ ನಿಲುಗನ್ನಡಿ.

ಅಮ್ಮ ಆ ಕನ್ನಡಿಯ ಮುಂದೆ ಹೋಗಿ ನಿಂತವಳು ಅಲ್ಲಿಂದ ಕದಲಲಿಲ್ಲ. ನಮ್ಮ ಮನೆಯ ಕನ್ನಡಿ ಅಂಗೈಯಗಲದ್ದು, ಗೂಟಕ್ಕೆ ನೇತುಹಾಕಿದ್ದು. ಹುಟ್ಟಿದಾಗಿನಿಂದ ಅಮ್ಮ ತನ್ನನ್ನು ತುಂಡು ತುಂಡಾಗಿ ನೋಡಿಕೊಂಡಿದ್ದಳೇ ಹೊರತು ಇಡಿಯಾಗಿ ನೋಡಿಕೊಂಡಿರಲಿಲ್ಲ. ಸೆರಗು ಸರಿಮಾಡಿಕೊಂಡಳು, ನಿರಿಗೆಯ ಅಂಚು ನೋಡಿದಳು, ತನ್ನ ಪಾದಗಳನ್ನು ನೋಡಿದಳು, ಅರ್ಧ ತಿರುಗಿ ಜಡೆ ಎಲ್ಲಿಯವರೆಗೆ ಬರುತ್ತದೆಂದು ನೋಡಿದಳು. ಆಮೇಲೆ ಅಪ್ಪನಿಗೆ ಮಾತ್ರ ಕೇಳುವ ಹಾಗೆ ಹೇಳಿದಳು:

"ರೀ, ಈ ಬೀರು ಬಿಟ್ಟು ನಾನ್ ಬರಲ್ಲ."

ದೊರೆಸಾನಿ ಮಾತ್ರ ನನ್ನನ್ನೇ ನೋಡುತ್ತಿದ್ದರು. ಹುಡುಗಿ ಮಂಚದ ಮೇಲೆ ಕೂತು ತಿಂಡಿ ತಿನ್ನುತ್ತಾಳೆಯೇ, ಮರದ ಮೇಲೆ ಮೊಳೆಯಿಂದ ಗೀಚುತ್ತಾಳೆಯೇ, ಬೀರುವಿನೊಳಗೆ ಅಡಗಿಕೊಳ್ಳುತ್ತಾಳೆಯೇ ಎಂದು ಅಪ್ಪನನ್ನು ಇಂಗ್ಲಿಷಿನಲ್ಲಿ ಕೇಳಿದರು. ಅಪ್ಪ ಎಲ್ಲಕ್ಕೂ ಇಲ್ಲ, ಇಲ್ಲ, ಎಂದಿಗೂ ಇಲ್ಲ ಎಂದರು. ದೊರೆಸಾನಿಯ ಮುಖ ಸಪ್ಪೆಯಾಯಿತು. ತಮ್ಮ ಮಗಳು ಇವೆಲ್ಲವನ್ನೂ ಮಾಡುತ್ತಿದ್ದಳು ಎಂದರು. ಅಪ್ಪ ಕೂಡಲೇ, ನನ್ನ ಮಗಳೂ ಕಲಿಯುತ್ತಾಳೆ ಎಂದು ಭರವಸೆ ಕೊಟ್ಟರು. ದೊರೆಸಾನಿ ಯೋಚಿಸಿ ಒಂದು ಶರತ್ತು ಹಾಕಿದರು. ಸಾಮಾನು ಹೋಗುವ ಕೋಣೆಯನ್ನು ತಾವು ಮೊದಲು ನೋಡಬೇಕು. ಅದು ಮಗುವಿನ ಕೋಣೆ ಎಂದು ತಮಗೆ ಒಪ್ಪಿಗೆಯಾದರೆ ಕೊಡುತ್ತಾರೆ.

ಅವರು ಬರುವುದಕ್ಕೆ ಒಂದು ವಾರ ಸಮಯವಿತ್ತು. ಅಪ್ಪ ಸುಣ್ಣ ತರಿಸಿದರು. ಬರಿಯ ಬಿಳುಪು ಆಸ್ಪತ್ರೆಯಂತಿರುತ್ತದೆ, ಸ್ವಲ್ಪ ನೀಲಿ ಬೆರೆಸಿ ಎಂದಳು ಅಮ್ಮ. ಅಪ್ಪ ಬೆರೆಸಿದರು. ಅವರು ಆ ಕಡೆ ಹೋದಾಗ, ನೀಲಿ ಸಾಲದೆಂದು ಅಮ್ಮ ಬೆರೆಸಿದಳು. ಎಷ್ಟು ಬೆರೆಸುವುದೆಂದು ಇಬ್ಬರೂ ಮಾತಾಡಿಕೊಂಡಿರಲಿಲ್ಲ. ಬಳಿದಾಗ ಅಷ್ಟೇನೂ ಕಾಣಲಿಲ್ಲ, ಒಣಗುತ್ತ ಒಣಗುತ್ತ ಗೋಡೆ ನವಿಲಿನ ಕತ್ತಿನ ಬಣ್ಣಕ್ಕೆ ತಿರುಗಿತು. ಕೋಣೆಯೊಳಗೆ ಹೋದವರೆಲ್ಲ ಕಾಯಿಲೆ ಬಿದ್ದವರಂತೆ ಕಾಣುತ್ತಿದ್ದರು. ಇನ್ನೊಂದು ಸಲ ಬಳಿಯಲು ಸಮಯವಿರಲಿಲ್ಲ. ರಾಗಿ ಮೂಟೆಗಳಂತೂ ಇದ್ದಲ್ಲೇ ಇದ್ದವು. ಅಜ್ಜಿ ಅವುಗಳ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಹಗಲೆಲ್ಲ ಕೂತಿರಲು ಶುರುಮಾಡಿದ್ದಳು. ಕೊನೆಗೆ ಅಮ್ಮ ಒಂದು ಉಪಾಯ ಮಾಡಿದಳು. ಮೂಟೆಗಳನ್ನು ಕಿಟಕಿಯ ಕೆಳಗೆ ಒತ್ತೊತ್ತಾಗಿ ಜೋಡಿಸಿ, ತನ್ನ ಮದುವೆಯ ಹೂವಿನ ಮೇಲುಹಾಸನ್ನು ಅವುಗಳ ಮೇಲೆ ಹೊದಿಸಿ, ಎರಡು ದಿಂಬು ಒರಗಿಸಿದಳು. ನೋಡಿದವರು ಸೋಫಾ ಎನ್ನಬೇಕು, ಹಾಗಾಯಿತು.

ದೊರೆಸಾನಿ ಛತ್ರಿ ಹಿಡಿದು ನಡೆದೇ ಬಂದರು. ಬೀದಿಯ ಮಕ್ಕಳೆಲ್ಲ ಹಿಂದೆ ಬಂದು ನಮ್ಮ ಜಗಲಿಯವರೆಗೆ ಬಿಟ್ಟು ಹೋದರು. ಕೋಣೆಗೆ ಬಂದವರು ನೀಲಿ ಗೋಡೆಯನ್ನು ನೋಡಿ ಒಂದು ಗಳಿಗೆ ಕಣ್ಣು ಮಿಟುಕಿಸಿ, ನೇರವಾಗಿ ಹೋಗಿ ರಾಗಿಯ ಮೇಲೆ ಕೂತರು. ಅಮ್ಮ ಉಸಿರು ಹಿಡಿದು ನಿಂತಳು. ಕೂತವರು ಸ್ವಲ್ಪ ಅತ್ತಿತ್ತ ಸರಿದರು, ರಾಗಿ ಅವರಿಗೆ ತಕ್ಕಂತೆ ತಗ್ಗಿತು. ಬಹಳ ಹಿತವಾದ ಸೋಫಾ, ಎಲ್ಲಿ ಸಿಕ್ಕಿತು ಎಂದು ಅಪ್ಪನನ್ನು ಕೇಳಿದರು. ಅಪ್ಪ, ನಮ್ಮ ಊರಲ್ಲಿ ಮಾಡುತ್ತಾರೆ ಎಂದರು. ಅದು ಸುಳ್ಳೇನೂ ಅಲ್ಲ.

ಆಮೇಲೆ ಮಂಚ ಎಲ್ಲಿಡುವುದು ಎಂಬ ಮಾತು ಬಂತು. ಅಲ್ಲಿಯವರೆಗೆ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಒಳಗೆ ಬಂದಳು. ಅವಳಿಗೆ ಇಂಗ್ಲಿಷು ಬಾರದು, ದೊರೆಸಾನಿಗೆ ಕನ್ನಡ ಬಾರದು, ಇಬ್ಬರಿಗೂ ತಕ್ಕಮಟ್ಟಿಗೆ ತಮಿಳು ಬರುತ್ತಿತ್ತು. ದೊರೆಸಾನಿ ಅದನ್ನು ಕಲಿತದ್ದು ಅಡುಗೆಯವನಿಗೆ ಅಪ್ಪಣೆ ಕೊಡುತ್ತ. ಅಜ್ಜಿ ಕಲಿತದ್ದು ಹಲಸೂರು ಸಂತೆಯಲ್ಲಿ ತರಕಾರಿಯವರೊಂದಿಗೆ ಚೌಕಾಸಿ ಮಾಡುತ್ತ. ಹೀಗಾಗಿ ಒಬ್ಬರು ಬರಿಯ ಅಪ್ಪಣೆ ಮಾಡುವುದೂ ಇನ್ನೊಬ್ಬರು ಬರಿಯ ಚೌಕಾಸಿ ಮಾಡುವುದೂ ನಡೆಯಿತು. ಮಗುವಿನ ತಲೆಗೆ ಗಾಳಿ ಬೇಕು, ತಲೆದೆಸೆ ಕಿಟಕಿಯ ಕಡೆಗೆ ಎಂದು ದೊರೆಸಾನಿ ಕೈ ತೋರಿಸಿ ಆಜ್ಞೆ ಮಾಡಿದರು. ಕಿಟಕಿ ಇದ್ದದ್ದು ಉತ್ತರಕ್ಕೆ. ಉತ್ತರಕ್ಕೆ ತಲೆ ಹಾಕಿ ಮಲಗಿಸುವುದು ಹೆಣವನ್ನು. ಅಜ್ಜಿ ತಲೆ ಅಲ್ಲಾಡಿಸಿ, "ಕಟ್ಟುಪಡಿ ಆಗಾದು" ಎಂದಳು. ಬದನೆಕಾಯಿಯ ಬೆಲೆ ಒಗ್ಗದಿದ್ದಾಗ, ಗಿಟ್ಟುವುದಿಲ್ಲ ಎನ್ನಲು ಅವಳು ಆಡುತ್ತಿದ್ದ ಮಾತು ಅದು. ದೊರೆಸಾನಿ ಮತ್ತೆ ಅಪ್ಪಣೆ ಮಾಡಿದರು. ಅಜ್ಜಿ ಮತ್ತೆ ಅದನ್ನೇ ಹೇಳಿ, ಬೇರೆ ಅಂಗಡಿಗೆ ಹೊರಟವಳಂತೆ ಬಾಗಿಲ ಕಡೆ ನಡೆದಳು. ಅಪ್ಪ ಇಬ್ಬರ ನಡುವೆ ನಕ್ಷೆ ಹಿಡಿದುಕೊಂಡು ನಿಂತಿದ್ದರು. ಅದನ್ನು ಯಾರೂ ನೋಡಲಿಲ್ಲ.

ದೊರೆಸಾನಿಗೆ ಏನನ್ನಿಸಿತೋ, ನನ್ನ ಕಡೆ ತಿರುಗಿ, ನಿನಗೆ ಈ ಕೋಣೆಯಲ್ಲಿ ಏನು ಬೇಕು ಎಂದು ತಮಿಳಿನಲ್ಲಿ ಕೇಳಿದರು. ಅಷ್ಟು ದಿನಗಳಿಂದ ನಡೆದಿದ್ದ ಅಳತೆ, ನಕ್ಷೆ, ಜಗಳ ಯಾವುದರಲ್ಲೂ ನನ್ನನ್ನು ಯಾರೂ ಇದನ್ನು ಕೇಳಿರಲಿಲ್ಲ. ನನಗೆ ನಾಚಿಕೆಯಾಗಿ ಅಮ್ಮನ ಸೆರಗು ಹಿಡಿದುಕೊಂಡೆ. ಆದರೆ ಉತ್ತರ ನನ್ನ ಬಳಿ ಸಿದ್ಧವಾಗಿತ್ತು, ಬೀದಿಯ ಮಕ್ಕಳಿಂದ ಕಲಿತ ತಮಿಳೂ ಅಷ್ಟಿಷ್ಟು ಇತ್ತು.

"ರಾಗಿ ಮೂಟೆ ಇಲ್ಲೇ ಇರ್ಲಿ," ಎಂದೆ. "ಅದ್ರ ಮೇಲೆ ಕೂತ್ರೆ ಕೆರೆ ಕಾಣತ್ತೆ."

ಯಾವ ಮೂಟೆ ಎಂದು ದೊರೆಸಾನಿ ಕೇಳಿದರು. ನಾನು ಅವರ ಕೆಳಗೆ ಬೆರಳು ತೋರಿಸಿದೆ. ಅವರು ಎದ್ದು, ಮೇಲುಹಾಸಿನ ಅಂಚನ್ನು ಎತ್ತಿ ನೋಡಿದರು. ಅಪ್ಪ ಗೋಡೆಯ ಕಡೆ ತಿರುಗಿ ನಿಂತರು. ದೊರೆಸಾನಿ ಹೊದಿಕೆಯನ್ನು ಮೊದಲಿದ್ದಂತೆಯೇ ಸರಿಮಾಡಿ, ಮತ್ತೆ ಕೂತು, ಈ ಸಲ ಕಿಟಕಿಯ ಕಡೆ ಮುಖ ಮಾಡಿದರು. ಎದುರು ಮನೆಗಳ ಹೆಂಚಿನ ಸಂದಿಯಲ್ಲಿ ಕೆರೆಯ ಒಂದು ತುಂಡು ನೀರು, ಅದರಾಚೆ ದಡದ ಮರಗಳು, ಮರಗಳ ನಡುವೆ ಕೆಂಪಗೆ ಒಂದು ಹೆಂಚಿನ ಮಾಡು ಕಾಣುತ್ತಿತ್ತು. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಅಪ್ಪನಿಗೆ, ಅದು ನನ್ನ ಮನೆಯ ಹೆಂಚು ಎಂದರು.

ಆ ಮೇಲೆ ಎಲ್ಲವೂ ಸಲೀಸಾಗಿ ಮುಗಿಯಿತು. ಮೂಟೆಗಳು ಕಿಟಕಿಯ ಕೆಳಗೇ ಉಳಿಯುವುದು. ಮಂಚ ಅವುಗಳ ಪಕ್ಕಕ್ಕೆ, ತಲೆದೆಸೆ ದಕ್ಷಿಣಕ್ಕೆ. ಹಾಗಾದರೆ ಮಗು ಕಣ್ಣು ಬಿಟ್ಟ ಕೂಡಲೇ ಎದುರಿಗೆ ಕಿಟಕಿ ಕಾಣುತ್ತದೆಂದು ದೊರೆಸಾನಿಗೆ ಸಂತೋಷ, ತಲೆ ಉತ್ತರಕ್ಕಿಲ್ಲವೆಂದು ಅಜ್ಜಿಗೆ ಸಂತೋಷ. ಅಜ್ಜಿ ಒಳಗೆ ಹೋಗಿ ಅತಿಥಿಗೆ ರಾಗಿಹುರಿಟ್ಟು ಬೆಲ್ಲ ಕಲಸಿ ತಂದಳು. ದೊರೆಸಾನಿ ತಿಂದು, ಮತ್ತೆ ಸ್ವಲ್ಪ ಕೇಳಿದರು. ಅವತ್ತು ರಾತ್ರಿಯ ಊಟಕ್ಕೆ ಮೊದಲು ಅಪ್ಪ ಇನ್ನೊಂದು ರಟ್ಟು ಕತ್ತರಿಸಿ, ಅದರ ಮೇಲೆ ದುಂಡಗಿನ ಅಕ್ಷರದಲ್ಲಿ ರಾಗಿ ಎಂದು ಬರೆದು ನಕ್ಷೆಯಲ್ಲಿ ಇಟ್ಟರು.

ಸಾಮಾನು ತರಲು ಚಿಕ್ಕಪ್ಪ ಊರಿನಿಂದ ಎತ್ತಿನ ಗಾಡಿ ತಂದರು. ಕೆರೆ ಸುತ್ತಿಕೊಂಡು ಗಾಡಿ ಬರುವಾಗ ಬೀರುವಿನ ಕನ್ನಡಿಯಲ್ಲಿ ಇಡೀ ಹಲಸೂರು ಹಿಂದುಹಿಂದಾಗಿ ಚಲಿಸುತ್ತಿತ್ತು. ನಾವು ಪಕ್ಕದಲ್ಲಿ ನಡೆದು ಬಂದೆವು. ಮಂಚವನ್ನು ಬಿಚ್ಚಿ ತಂದಿದ್ದರಿಂದ ಅದು ಒಳಗೆ ಹೋಯಿತು. ಮೇಜು ಕುರ್ಚಿ ಹೋದವು. ಬೀರು ಬಾಗಿಲು ದಾಟಿ ನಡೆಯವರೆಗೆ ಬಂದು ಅಲ್ಲಿ ನಿಂತಿತು. ಅಪ್ಪ ಗೋಡೆ ಅಳೆದಿದ್ದರು, ಕಿಟಕಿ ಅಳೆದಿದ್ದರು, ಬಾಗಿಲನ್ನೂ ಅಳೆದಿದ್ದರು. ನಡೆಯ ತಿರುವನ್ನು ಮಾತ್ರ ಅಳೆದಿರಲಿಲ್ಲ. ಬೀರುವನ್ನು ಎತ್ತಿ ನೋಡಿದರು, ಮಲಗಿಸಿ ನೋಡಿದರು, ಓರೆ ಮಾಡಿ ನೋಡಿದರು. ಅಡುಗೆಮನೆಯಲ್ಲಿದ್ದ ಅಮ್ಮ ಹೊರಗೆ ಬರುವ ಹಾಗಿರಲಿಲ್ಲ. ಅವಳಿಗೆ ನೀರು ಬೇಕಾದರೆ ಬೀರುವಿನ ಮೇಲಿಂದ ಕೊಡಬೇಕಾಯಿತು. ಅಪ್ಪ ತಿರುಪುಳಿ ತಂದು ಬೀರುವನ್ನು ಬಿಚ್ಚುತ್ತೇನೆ ಎಂದಾಗ, ಕನ್ನಡಿಯ ಹತ್ತಿರ ಅದನ್ನು ತಂದರೆ ಇವತ್ತಿನಿಂದ ಒಲೆ ಹಚ್ಚುವುದಿಲ್ಲ ಎಂದು ಅಮ್ಮನ ಧ್ವನಿ ಒಳಗಿನಿಂದ ಬಂತು.

ಅಪ್ಪ ಸ್ವಲ್ಪ ಹೊತ್ತು ಮಾಡನ್ನು ನೋಡುತ್ತ ನಿಂತರು. ಆಮೇಲೆ ಮೊದಲಿನಿಂದಲೂ ಹೀಗೇ ಅಂದುಕೊಂಡಿದ್ದವರಂತೆ ಚಿಕ್ಕಪ್ಪನಿಗೆ ಹೇಳಿದರು:

"ವಿಮಾನಕ್ಕೆ ಇಂಜಿನ್ನು ಬಾಗಿಲಿಂದ ಹಾಕ್ತಾರೇನೋ? ಮೇಲಿಂದ ಇಳಿಸ್ತಾರೆ."

ಚಿಕ್ಕಪ್ಪ ವಿಮಾನದ ಇಂಜಿನ್ನು ನೋಡಿದವರಲ್ಲ. ಅಣ್ಣ ಹೇಳಿದ ಮೇಲೆ ಇರಬಹುದು ಎಂದು ಪಂಚೆ ಎತ್ತಿಕಟ್ಟಿ ಮಾಡು ಹತ್ತಿದರು. ಹಿಂದಿನ ಕೋಣೆಯ ಮೇಲಿನ ಹೆಂಚು ತೆಗೆದು, ರೀಪು ಬಿಚ್ಚಿ, ಒಂದು ಜಂತೆಯನ್ನೂ ಕಳಚಿದರು. ಬೀದಿಯ ಗಂಡಸರೆಲ್ಲ ಹಗ್ಗ ಹಿಡಿಯಲು ಬಂದರು, ಹೆಂಗಸರು ಹೇಗೆ ಹಿಡಿಯಬೇಕೆಂದು ಹೇಳಲು ಬಂದರು. ಕನ್ನಡಿಗೆ ಅಮ್ಮ ತನ್ನ ಕೌದಿಯನ್ನು ಸುತ್ತಿಸಿದ್ದಳು. ನಡೆಯಿಂದ ಮತ್ತೆ ಬೀದಿಗೆ ಬಂದ ಬೀರು ಮಾಡಿನ ಮೇಲೆ ಏರಿ, ಆಕಾಶದಲ್ಲಿ ಒಂದು ಗಳಿಗೆ ಓಲಾಡಿ, ನಿಧಾನವಾಗಿ ಕೆಳಗಿಳಿಯತೊಡಗಿತು. ನಾನು ಕೆಳಗೆ ಮೂಟೆಗಳ ಪಕ್ಕದಲ್ಲಿ ಅಜ್ಜಿಯೊಂದಿಗೆ ನಿಂತಿದ್ದೆ. ಕೌದಿ ಜಾರಿತು. ಕನ್ನಡಿಯ ತುಂಬ ಆಕಾಶವಿತ್ತು, ಅದರಲ್ಲಿ ಒಂದು ಕಾಗೆ ಹಾರಿಹೋಯಿತು. ರಾಗಿ ಹುಷಾರು, ರಾಗಿ ಹುಷಾರು ಎಂದು ಅಜ್ಜಿ ಮೇಲಿನವರಿಗೆ ಹೇಳುತ್ತಲೇ ಇದ್ದಳು. ಬೀರು ನೆಲ ಮುಟ್ಟಿದಾಗ ಬೀದಿಯವರು ಚಪ್ಪಾಳೆ ತಟ್ಟಿದರು. ಅಪ್ಪ ಎಲ್ಲರಿಗೂ ಕಾಫಿ ಮಾಡಿಸಿದರು. ಆ ಜಾಗದಲ್ಲಿ ಹೆಂಚು ಸರಿಯಾಗಿ ಕೂರಲೇ ಇಲ್ಲ. ಮಳೆಗಾಲದಲ್ಲಿ ನನ್ನ ಮೇಜಿನ ಮೇಲೆ ಯಾವಾಗಲೂ ಒಂದು ಚೊಂಬು ಇರುತ್ತಿತ್ತು.

ಹೀಗೆ ನನಗೆ ನನ್ನದೇ ಕೋಣೆಯಾಯಿತು. ಒಬ್ಬಳೇ ಮಲಗಲು ಹೆದರುತ್ತಾಳೆ, ಎರಡು ದಿನದಲ್ಲಿ ನಡುಮನೆಗೆ ಓಡಿ ಬರುತ್ತಾಳೆ ಎಂದು ಅಜ್ಜಿ ಊಹಿಸಿದ್ದಳು. ನನಗೆ ಹೆದರಿಕೆ ಆಗಲೇ ಇಲ್ಲ, ಏಕೆಂದರೆ ಆ ಕೋಣೆಯಲ್ಲಿ ನಾನು ಒಬ್ಬಳೇ ಇದ್ದದ್ದೇ ಅಪರೂಪ. ಬೆಳಿಗ್ಗೆ ಕಣ್ಣು ಬಿಟ್ಟರೆ ಅಜ್ಜಿ ಮೂಟೆ ತಟ್ಟುತ್ತಿದ್ದಳು. ಅವಳು ಹೋಗುವಷ್ಟರಲ್ಲಿ ಅಮ್ಮ ತಲೆ ಬಾಚಲು ಕನ್ನಡಿಯ ಮುಂದೆ ಬರುತ್ತಿದ್ದಳು. ಅಮ್ಮ ನಿಲುಗನ್ನಡಿಯಲ್ಲಿ ಸೀರೆ ಉಡುತ್ತಾಳೆಂದು ತಿಳಿದ ಮೇಲೆ ಅಕ್ಕಪಕ್ಕದ ಹೆಂಗಸರೂ ಮದುವೆ ಮುಂಜಿಗೆ ಹೊರಡುವ ಮುಂಚೆ ಒಂದು ಸಲ ಬಂದು ಹೋಗುವ ರೂಢಿಯಾಯಿತು. ಅಪ್ಪನಿಗೆ ಮೇಜು ಬಹಳ ಹಿಡಿಸಿತ್ತು. ಕಾರ್ಖಾನೆಯಿಂದ ಬಂದವರು ನನ್ನ ಪುಟ್ಟ ಕುರ್ಚಿಯಲ್ಲಿ ಮೊಳಕಾಲು ಗದ್ದಕ್ಕೆ ತಾಗುವಂತೆ ಕೂತು ಪೇಪರು ಓದುತ್ತಿದ್ದರು. ಮಧ್ಯಾಹ್ನ ಅಜ್ಜಿ ನನ್ನ ಮಂಚದ ಮೇಲೆ ಒಂದು ಗಳಿಗೆ ಬೆನ್ನು ಚಾಚುತ್ತೇನೆಂದು ಬಂದು ಸಂಜೆಯ ದೀಪ ಹಚ್ಚುವ ಹೊತ್ತಿಗೆ ಏಳುತ್ತಿದ್ದಳು. ಈ ಮಂಚದಲ್ಲಿ ಯಾರೂ ಸತ್ತಿಲ್ಲ, ಮಲಗಿದರೆ ಗೊತ್ತಾಗುತ್ತದೆ ಎಂದು ಅವಳು ಮೊದಲ ದಿನವೇ ಖಚಿತವಾಗಿ ಹೇಳಿದ್ದಳು.

ಹೊರಡುವ ಮುನ್ನ ದೊರೆಸಾನಿ ಇನ್ನೊಂದು ಸಲ ಬಂದರು. ರಜೆಯ ದಿನ, ಮಧ್ಯಾಹ್ನದ ಹೊತ್ತು. ಬಾಗಿಲು ತೆರೆದಿತ್ತು. ಅವರು ಒಳಗೆ ಬಂದಾಗ ವಿಶಾಲವಾದ ನಡುಮನೆಯಲ್ಲಿ ನಾನೊಬ್ಬಳೇ ಚಾಪೆಯ ಮೇಲೆ ಬೋರಲು ಬಿದ್ದು ಲೆಕ್ಕ ಮಾಡುತ್ತಿದ್ದೆ. ಮನೆಯಲ್ಲಿ ಯಾರೂ ಇಲ್ಲವೇ ಎಂದು ಕೇಳಿದರು. ನಾನು ಅವರ ಕೈ ಹಿಡಿದು ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ. ಅಪ್ಪ ಮೇಜಿನಲ್ಲಿದ್ದರು. ಅಮ್ಮ ಕನ್ನಡಿಯ ಮುಂದೆ ಹೂ ಮುಡಿಯುತ್ತಿದ್ದಳು. ಬಾತುಕೋಳಿಗಳ ಕೆಳಗೆ ಅಜ್ಜಿ ಗೊರಕೆ ಹೊಡೆಯುತ್ತಿದ್ದಳು. ರಾಗಿಯ ಮೇಲೆ, ಊರಿಂದ ಬಂದಿದ್ದ ಚಿಕ್ಕಪ್ಪ ಕಾಲು ಇಳಿಬಿಟ್ಟು ಕೂತು ಕೆರೆ ನೋಡುತ್ತಿದ್ದರು. ದೊರೆಸಾನಿ ಮೊದಲು ಬಾಯಿಗೆ ಕೈ ಅಡ್ಡ ಹಿಡಿದರು, ಆಮೇಲೆ ಕೈ ತೆಗೆದು ಗಟ್ಟಿಯಾಗಿ ನಕ್ಕುಬಿಟ್ಟರು. ಅಪ್ಪ ಎದ್ದು ನಿಲ್ಲಲು ಹೋದರೆ ಕುರ್ಚಿಯೂ ಅವರೊಂದಿಗೆ ಎದ್ದಿತು.

ಚಿಕ್ಕಪ್ಪ ಸರಿದು ಜಾಗ ಬಿಟ್ಟರು. ದೊರೆಸಾನಿ ಕೂತು ಕಿಟಕಿಯಾಚೆ ನೋಡಿದರು. ಆ ಮನೆಗೆ ಯಾರು ಬರುತ್ತಾರೆ ಎಂದು ಅಮ್ಮ ಅ‍ಪ್ಪನ ಮೂಲಕ ಕೇಳಿಸಿದಳು. ಗೊತ್ತಿಲ್ಲ, ಯಾರು ಬಂದರೂ ಹೆಂಚನ್ನು ಇಲ್ಲಿಂದ ನೀವು ನೋಡಿಕೊಳ್ಳಿ ಎಂದರು. ಅಜ್ಜಿ ಎದ್ದು ಕಣ್ಣೊರೆಸಿಕೊಂಡು ಅವರಿಗೆ ಕುಂಕುಮ ಕೊಡಲು ಹೋಗಿ, ಒಂದು ಗಳಿಗೆ ತಡೆದು, ಕೊಟ್ಟೇಬಿಟ್ಟಳು. ಒಂದು ಗಂಟು ರಾಗಿಹುರಿಟ್ಟನ್ನೂ ಕೊಟ್ಟಳು. ಹಡಗಿನಲ್ಲಿ ಹಸಿವಾದರೆ ಇರಲಿ ಎಂದು ತಮಿಳಿನಲ್ಲಿ ಹೇಳಿದಳು. ಅವಳು ಆ ಭಾಷೆಯಲ್ಲಿ ಚೌಕಾಸಿಯಿಲ್ಲದೆ ಆಡಿದ್ದನ್ನು ನಾನು ಕೇಳಿದ್ದು ಅದೊಂದೇ ಮಾತು. ಬೀದಿಯ ಕೊನೆಯವರೆಗೆ ನಾನು ಅವರ ಛತ್ರಿ ಹಿಡಿದುಕೊಂಡು ಹೋಗಿ ಬಿಟ್ಟು ಬಂದೆ. ಆಮೇಲೆ ಅವರ ಸುದ್ದಿ ನಮಗೆ ತಿಳಿಯಲಿಲ್ಲ.

ಆ ವರ್ಷದ ದೀಪಾವಳಿಗೆ ಊರಿನ ನೆಂಟರೆಲ್ಲ ನಮ್ಮ ಮನೆಗೆ ಬಂದರು. ಮಾಡಿನಿಂದ ಇಳಿದ ಬೀರುವಿನ ಕಥೆ ಚಿಕ್ಕಪ್ಪನ ಬಾಯಿಂದ ಊರೆಲ್ಲ ಹಬ್ಬಿತ್ತು. ಎಲ್ಲರಿಗೂ ಅದನ್ನು ನೋಡಬೇಕಾಗಿತ್ತು. ತೋರಿಸುವ ಕೆಲಸವನ್ನು ಅಜ್ಜಿ ಯಾರಿಗೂ ಬಿಟ್ಟುಕೊಡಲಿಲ್ಲ. ಚಪ್ಪಲಿ ಹೊರಗೆ ಬಿಡಿಸಿ, ಇಬ್ಬಿಬ್ಬರನ್ನೇ ಒಳಗೆ ಕರೆದುಕೊಂಡು ಹೋಗಿ, ಗೋಡೆಯ ನೀಲಿಯಿಂದ ಶುರುಮಾಡಿ ಒಂದೊಂದನ್ನೂ ವಿವರಿಸಿದಳು. ಮೂಟೆಗಳನ್ನು ಅಲ್ಲೇ ಇಡಿಸಿದ್ದು ಗಾಳಿ ಬೆಳಕಿಗಾಗಿ ಎಂದಳು. ಅವಳ ತಂಗಿ, ಇಷ್ಟು ಪುಟ್ಟ ಮಂಚದಲ್ಲಿ ಯಾರು ಮಲಗುವುದು ಎಂದು ಕೇಳಿದಳು.

"ಇನ್ಯಾರು, ನಮ್ ಮಗು ಮಲಗತ್ತೆ. ಇದು ಅವಳ ರೂಮು," ಎಂದಳು ಅಜ್ಜಿ. ಆ ಇಂಗ್ಲಿಷ್ ಪದವನ್ನು ಅವಳು ಅಷ್ಟು ಸಲೀಸಾಗಿ ಆಡಿದ್ದು ಕೇಳಿ ಅಪ್ಪ ಪೇಪರಿನಿಂದ ತಲೆ ಎತ್ತಿದರು. ಅಜ್ಜಿ ಅವರನ್ನು ನೋಡಿ, ನೆಂಟರು ಬಂದವ್ರೆ, ಮಗೂ ರೂಮಿಂದ ಆಚೆ ನಡಿಯಪ್ಪ ಎಂದಳು. ಅಪ್ಪ ಪೇಪರು ಮಡಿಚಿಕೊಂಡು ನಡುಮನೆಗೆ ಹೋದರು. ಅಜ್ಜಿಯ ತಂಗಿ ಮಂಚದ ಮೇಲೆ ಮಲಗಿ ನೋಡಿದಳು. ನಾನು ಮೂಟೆಯ ಮೇಲೆ ಹತ್ತಿ ಕೂತು, ಕೆರೆಯ ಆಚೆ ದಡದಲ್ಲಿ ಯಾರೋ ಹಚ್ಚುತ್ತಿದ್ದ ಬಾಣಗಳು ಆಕಾಶಕ್ಕೆ ಏರುವುದನ್ನು ನೋಡುತ್ತಿದ್ದೆ.